ವೈದ್ಯಕೀಯಕ್ಕೆ ಮುಂಚಿನ ಒಂದು ವರ್ಷ

ಕಳೆದ ಸಲದ ಬೋಧನಾಭ್ಯಾಸದಲ್ಲಿ ಒಂದು ಸರ್ಕಾರಿ ಪ್ರೌಢಶಾಲೆಯ ಹತ್ತನೆಯ ತರಗತಿಯಲ್ಲಿ ಕುಳಿತು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಿಸುತ್ತಿದ್ದೆ. ಘಟಕ 'ಜೀವಕ್ರಿಯೆಗಳು', ಆ ದಿನದ ಪಾಠ ವಿಸರ್ಜನೆ. ಪೀಠಿಕಾ ಪ್ರಶ್ನೆಗಳು ಚೆನ್ನಾಗಿದ್ದವು. ಕಪ್ಪುಹಲಗೆಯ ಮೇಲೆ ನೆಫ್ರಾನ್ ಚಿತ್ರ ಬಣ್ಣದ ಸೀಮೆಸುಣ್ಣದಲ್ಲಿ ಅಚ್ಚುಕಟ್ಟಾಗಿ ಮೂಡಿತ್ತು. ಪಠ್ಯಪುಸ್ತಕದಲ್ಲಿ ಇರುವಂತೆಯೇ ಅವರು ಹೇಳಿದರು: ನಮ್ಮ ಮೂತ್ರಪಿಂಡಗಳಲ್ಲಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಡುತ್ತದೆ, ಆದರೆ ಮೂತ್ರವಾಗಿ ಹೊರಹೋಗುವುದು ಒಂದೆರಡು ಲೀಟರ್ ಮಾತ್ರ, ಉಳಿದದ್ದೆಲ್ಲ ಮರುಹೀರಿಕೆಯಾಗುತ್ತದೆ.

ಕೊನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ವಾಪಸ್ ತಗೊಳ್ಳೋದೇ ಆದ್ರೆ ಅಷ್ಟೊಂದು ಯಾಕೆ ಸೋಸ್ಬೇಕು? ಬೇಡದ್ದನ್ನ ಮಾತ್ರ ಆರಿಸಿ ಹೊರಗೆ ಹಾಕಿದ್ರೆ ಆಗಲ್ವಾ?"

ಪ್ರಶಿಕ್ಷಣಾರ್ಥಿ ಒಂದು ಕ್ಷಣ ತಡವರಿಸಿ, "ಒಳ್ಳೆ ಪ್ರಶ್ನೆ, ನಾಳೆ ನೋಡೋಣ, ಕೂತ್ಕೊ" ಎಂದು ಮುಂದುವರಿದರು. ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದೆ: "ವಿದ್ಯಾರ್ಥಿಯ ಪ್ರಶ್ನೆಯನ್ನು ಸಮರ್ಪಕವಾಗಿ ನಿಭಾಯಿಸಿಲ್ಲ. ವಿಷಯಜ್ಞಾನ ಸಾಲದು." ಎರಡು ಅಂಕ ಕಡಿಮೆ ಮಾಡಿದೆ. ಪಾಠ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು, "ಮೇಡಂ, ಅದಕ್ಕೆ ಉತ್ತರ ಏನು?" ಎಂದು ಕೇಳಿದರು. "ನೀವೇ ಹುಡುಕಿ, ಹುಡುಕಿದರೆ ತಾನೆ ಕಲಿಯುವುದು" ಎಂದೆ. ರಚನಾವಾದದ ಹೆಸರಿನಲ್ಲಿ ನಾವು ಆಡುವ ಈ ಮಾತು ಎಷ್ಟು ಸಲ ನಮ್ಮನ್ನು ಕಾಪಾಡಿದೆಯೋ! ಉತ್ತರ ನನಗೂ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ನನ್ನ ಅಕ್ಕನ ಮಗಳಿಂದ. ಅವಳು ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಆಗ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ, ವೈದ್ಯಕೀಯ ಕಾಲೇಜು ಸೇರಬಯಸುವವರಿಗೆಂದೇ ಇರುವ ಜೀವವೈದ್ಯಕೀಯ ವಿಜ್ಞಾನದ ಒಂದು ವರ್ಷದ ಸ್ನಾತಕೋತ್ತರ ಕೋರ್ಸು ಓದುತ್ತಿದ್ದಳು. ಭಾನುವಾರದ ಫೋನಿನಲ್ಲಿ ಸುಮ್ಮನೆ ಕೇಳಿದೆ. ಅವಳು ನಕ್ಕು, "ಚಿಕ್ಕಮ್ಮ, ಯುಗಾದಿಗೆ ಮುಂಚೆ ಅಜ್ಜಿ ಅಟ್ಟ ಕ್ಲೀನ್ ಮಾಡ್ತಿದ್ರಲ್ಲ, ಹಾಗೆ" ಎಂದಳು. ಒಂದು ರಜೆಯಲ್ಲಿ ಬಂದಾಗ ನೋಡಿದ್ದು ಅವಳಿಗೆ ನೆನಪಿತ್ತು. ಅಟ್ಟದ ಮೇಲೆ ನಿಂತು ಕಸ ಯಾವುದು ಎಂದು ಹುಡುಕುತ್ತ ಕೂತರೆ ದಿನವಿಡೀ ಮುಗಿಯುವುದಿಲ್ಲ. ಎಲ್ಲವನ್ನೂ ಕೆಳಗಿಳಿಸಿ, ಬೇಕಾದದ್ದನ್ನು ಮಾತ್ರ ಮತ್ತೆ ಮೇಲಿಟ್ಟರೆ ಆಯಿತು, ಕಸ ತಾನಾಗಿಯೇ ಹೊರಗೆ ಉಳಿಯುತ್ತದೆ. ಮೂತ್ರಪಿಂಡಕ್ಕೆ ಪ್ರತಿಯೊಂದು ವಿಷವಸ್ತುವಿನ ಗುರುತು ಇರಬೇಕಾಗಿಲ್ಲ. ದೇಹಕ್ಕೆ ಬೇಕಾದ ಗ್ಲೂಕೋಸ್, ಅಮೈನೋ ಆಮ್ಲ, ಸೋಡಿಯಂ ಇವುಗಳ ಗುರುತಿದ್ದರೆ ಸಾಕು. ಅವನ್ನು ವಾಪಸ್ ತರುವ ವಾಹಕಗಳು ನಾಳದ ಗೋಡೆಯಲ್ಲಿವೆ. ಜೀವವಿಕಾಸದಲ್ಲಿ ಎಂದೂ ಕಂಡಿರದ ಹೊಸ ವಸ್ತುವೊಂದು ರಕ್ತಕ್ಕೆ ಬಂದರೂ ಅದಕ್ಕೆ ವಾಹಕ ಇಲ್ಲದ ಕಾರಣಕ್ಕೇ ಅದು ಹೊರಗೆ ಹೋಗುತ್ತದೆ. "ಆದ್ರೆ ಕೊಬ್ಬಿನಲ್ಲಿ ಕರಗೋ ವಸ್ತು ವಾಹಕ ಇಲ್ದೇನೂ ವಾಪಸ್ ನುಸುಳಿಬಿಡುತ್ತೆ. ಅದಕ್ಕೇ ಲಿವರ್ ಮೊದಲು ಅದನ್ನ ನೀರಲ್ಲಿ ಕರಗೋ ಹಾಗೆ ಮಾಡಿ ಕಳಿಸುತ್ತೆ" ಎಂದೂ ಸೇರಿಸಿದಳು. ಆಮೇಲೆ ಲೆಕ್ಕ ಹೇಳಿದಳು. ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 1440 ನಿಮಿಷ, ಅಲ್ಲಿಗೆ 180 ಲೀಟರ್. ದೇಹದಲ್ಲಿರುವ ಪ್ಲಾಸ್ಮಾ ಸುಮಾರು 3 ಲೀಟರ್. ಅಂದರೆ ಇರುವ ಪ್ಲಾಸ್ಮಾವೆಲ್ಲ ದಿನಕ್ಕೆ 60 ಸಲ ಸೋಸಿದ ಹಾಗೆ.

180 ಎಂಬ ಸಂಖ್ಯೆಯನ್ನು ನಾನು ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ಅದು ಎಲ್ಲಿಂದ ಬಂತು ಎಂದು ಒಮ್ಮೆಯೂ ಗುಣಿಸಿ ನೋಡಿರಲಿಲ್ಲ.

ಈ ಕೋರ್ಸಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಬರೆಯಲು ಇದೇ ಕಾರಣ. ನಮ್ಮಲ್ಲಿ ಇದಕ್ಕೆ ಸಮಾನವಾದದ್ದು ಇಲ್ಲ, ಆದ್ದರಿಂದ ಸ್ವಲ್ಪ ವಿವರಿಸಬೇಕು. ನಮ್ಮ ಮಕ್ಕಳು ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರುತ್ತಾರೆ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ. ಅದು ಯಾವ ವಿಷಯದಲ್ಲಾದರೂ ಇರಬಹುದು, ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಪತ್ರಿಕೆಗಳನ್ನು ಓದಿರಬೇಕು. ಜೊತೆಗೆ ಎಂಸಿಎಟಿ ಪರೀಕ್ಷೆ. ಅದರ ಈಗಿನ ರೂಪ 2015ರಲ್ಲಿ ಬಂದದ್ದು: ನಾಲ್ಕು ಭಾಗ, 472ರಿಂದ 528ರವರೆಗೆ ಅಂಕ, ಮನೋವಿಜ್ಞಾನ ಮತ್ತು ಸಮಾಜಶಾಸ್ತ್ರಕ್ಕೂ ಒಂದು ಭಾಗ. ಇದೆಲ್ಲ ಆದ ಮೇಲೆ ನಾಲ್ಕು ವರ್ಷದ ವೈದ್ಯಕೀಯ ಪದವಿ.

ಪದವಿಯ ನಾಲ್ಕು ವರ್ಷದಲ್ಲಿ ಅಂಕ ಕಡಿಮೆಯಾದವರು ಏನು ಮಾಡಬೇಕು? ಹದಿನೆಂಟನೇ ವಯಸ್ಸಿನಲ್ಲಿ ಮನೆ ಬಿಟ್ಟು ಹಾಸ್ಟೆಲ್ ಸೇರಿದಾಗ ಸಾವಯವ ರಸಾಯನಶಾಸ್ತ್ರದಲ್ಲಿ ಕೈಕೊಟ್ಟ ಅಂಕ ಇಪ್ಪತ್ತೆರಡರಲ್ಲೂ ಬೆನ್ನುಹತ್ತಿ ಬರುತ್ತದೆ. ಇಂಥವರಿಗಾಗಿ ಹುಟ್ಟಿಕೊಂಡದ್ದು 'ವಿಶೇಷ ಸ್ನಾತಕೋತ್ತರ' ಎಂದು ಕರೆಯಲ್ಪಡುವ ಈ ಕೋರ್ಸುಗಳು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಶರೀರಕ್ರಿಯಾಶಾಸ್ತ್ರದ ಕೋರ್ಸು 1970ರ ದಶಕದಿಂದ ನಡೆದುಬಂದಿದೆ. ಬಾಸ್ಟನ್ ವಿಶ್ವವಿದ್ಯಾಲಯದ್ದೂ ಹೆಸರಾದದ್ದೇ. ಈಗ ಇಂಥವು ಅಲ್ಲಿ ಬಹಳ. ಸಾಮಾನ್ಯವಾಗಿ ಒಂದು ಅಥವಾ ಎರಡು ವರ್ಷ, ಜೀವರಸಾಯನಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಅಂಗಾಂಶಶಾಸ್ತ್ರ, ರೋಗನಿರೋಧ ವಿಜ್ಞಾನ, ಸಂಖ್ಯಾಶಾಸ್ತ್ರ ಇಂಥ ವಿಷಯಗಳು. ಕೆಲವು ಕೋರ್ಸುಗಳ ವಿಶೇಷವೆಂದರೆ, ಇವರು ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳ ಜೊತೆಗೇ ಕುಳಿತು ಅದೇ ಪಾಠ ಕೇಳಿ ಅದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ, ಅವರ ದರ್ಜೆ ನಿರ್ಧಾರವಾಗುವುದು ವೈದ್ಯಕೀಯ ತರಗತಿಯ ಸರಾಸರಿಗೆ ಹೋಲಿಸಿ. 'ನಿಮ್ಮ ಮಕ್ಕಳ ಜೊತೆ ಓಡಿ ತೋರಿಸಿದ್ದೇನೆ, ಈಗಲಾದರೂ ಸೇರಿಸಿಕೊಳ್ಳಿ' ಎಂದು ಹೇಳುವ ಅವಕಾಶ ಅದು.

ಈ ವ್ಯವಸ್ಥೆಯ ಬೇರನ್ನು ಹುಡುಕುತ್ತ ಹೋದರೆ ಸಿಗುವವರು ಒಬ್ಬ ಶಾಲಾ ಮೇಷ್ಟ್ರು. ಅಬ್ರಹಾಂ ಫ್ಲೆಕ್ಸ್‌ನರ್ ವೈದ್ಯರಲ್ಲ, ಕೆಂಟಕಿಯ ಲೂಯಿವಿಲ್‌ನಲ್ಲಿ ತಮ್ಮದೇ ಶಾಲೆ ನಡೆಸಿದವರು. ಆ ಶಾಲೆಯಲ್ಲಿ ಪರೀಕ್ಷೆ ಇರಲಿಲ್ಲ, ದರ್ಜೆ ಇರಲಿಲ್ಲ. ಕಾರ್ನೆಗಿ ಪ್ರತಿಷ್ಠಾನದ ಪರವಾಗಿ ಅಮೆರಿಕ ಮತ್ತು ಕೆನಡಾದ 155 ವೈದ್ಯಕೀಯ ಶಾಲೆಗಳನ್ನು ನೋಡಿಬಂದು ಅವರು 1910ರಲ್ಲಿ ಕೊಟ್ಟ ವರದಿ ಅಲ್ಲಿನ ವೈದ್ಯಶಿಕ್ಷಣವನ್ನೇ ಬದಲಿಸಿತು. ವೈದ್ಯಕೀಯ ಸೇರುವ ಮೊದಲು ಕನಿಷ್ಠ ಎರಡು ವರ್ಷ ಕಾಲೇಜಿನಲ್ಲಿ ವಿಜ್ಞಾನ ಓದಿರಬೇಕು ಎಂಬುದು ಅವರ ಮುಖ್ಯ ಸಲಹೆಗಳಲ್ಲಿ ಒಂದು. ದುಡ್ಡು ಕೊಟ್ಟರೆ ಪದವಿ ಕೊಡುವ ಅಂಗಡಿಗಳು ಮುಚ್ಚಿದವು, ಒಳ್ಳೆಯದೇ ಆಯಿತು. ಜೊತೆಗೆ ಕಪ್ಪು ಜನರ ಏಳು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿದವು, ಹೊವಾರ್ಡ್ ಮತ್ತು ಮೆಹ್ಯಾರಿ ಎರಡೇ ಉಳಿದವು. ಬಾಗಿಲಿನ ಹೊಸ್ತಿಲು ಎತ್ತರಿಸಿದಾಗ ಯಾರು ಎಡವುತ್ತಾರೆ ಎಂಬುದನ್ನೂ ನೋಡಬೇಕಾಗುತ್ತದೆ. ಪರೀಕ್ಷೆಯೇ ಇಲ್ಲದ ಶಾಲೆ ನಡೆಸಿದ ಮನುಷ್ಯನ ವರದಿಯಿಂದ ಬೆಳೆದ ವ್ಯವಸ್ಥೆಯಲ್ಲಿ ಇವತ್ತು ಪರೀಕ್ಷೆಯ ಮೇಲೆ ಪರೀಕ್ಷೆ. ಅವರು ಇದ್ದಿದ್ದರೆ ಏನನ್ನುತ್ತಿದ್ದರೋ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಬೋಧನೆಯಾಗಿ ನೋಡಿದರೆ ಈ ಒಂದು ವರ್ಷ ಬಹಳ ಒಳ್ಳೆಯದು, ಬಾಗಿಲಾಗಿ ನೋಡಿದರೆ ಅನುಮಾನವಿದೆ.

ಅನುಮಾನ ಮೊದಲು. ಇದರ ಶುಲ್ಕ ಹತ್ತಾರು ಸಾವಿರ ಡಾಲರ್. ಸಂಶೋಧನೆಗೆ ಸೇರುವವರಿಗೆ ಸಿಗುವಂಥ ವೇತನ ಇಲ್ಲಿ ಸಾಮಾನ್ಯವಾಗಿ ಇಲ್ಲ, ಹೆಚ್ಚಿನವರದು ಸಾಲ. ಇಷ್ಟು ಮಾಡಿದರೂ ಇಲ್ಲಿ ಗಳಿಸಿದ ಅಂಕ ಪದವಿಯ ಅಂಕದ ಜೊತೆ ಸೇರಿ ಅದನ್ನು ಮೇಲೆತ್ತುವುದಿಲ್ಲ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಾಮಾನ್ಯ ಅರ್ಜಿಯಲ್ಲಿ ಸ್ನಾತಕೋತ್ತರದ ಅಂಕ ಬೇರೆಯೇ ಸಾಲಿನಲ್ಲಿ ನಿಲ್ಲುತ್ತದೆ, ಹಳೆಯದು ಹಾಗೇ ಇರುತ್ತದೆ. ಕೆಲವು ಕಡೆ ಇಂತಿಷ್ಟು ಅಂಕ ಬಂದರೆ ಸಂದರ್ಶನ ಖಚಿತ ಎಂಬ ಒಪ್ಪಂದವಿದೆ, ಸೀಟು ಖಚಿತ ಎಂದಲ್ಲ. ಇನ್ನು ಈ ವರ್ಷವೂ ಕಡಿಮೆಯಾದರಂತೂ ಇದ್ದ ಆಸೆಯೂ ಹೋಯಿತು. ಅಕ್ಕನ ಮಗಳು ಶರೀರಕ್ರಿಯಾಶಾಸ್ತ್ರದಲ್ಲಿ ವೈದ್ಯಕೀಯ ತರಗತಿಯ ಸರಾಸರಿಗಿಂತ ಮೇಲೆ ಬಂದಳು, ಜೀವರಸಾಯನಶಾಸ್ತ್ರದಲ್ಲಿ ಸ್ವಲ್ಪ ಕೆಳಗೆ ಉಳಿದಳು. ಮೊದಲ ಸಲ ಎಲ್ಲಿಯೂ ಸೀಟು ಸಿಗಲಿಲ್ಲ. ಈಗ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಾಳೆ, ಎರಡನೇ ಸಲದ ಅರ್ಜಿಯಲ್ಲಿ ಒಂದು ಕಡೆ ಕಾಯುವ ಪಟ್ಟಿಯಲ್ಲಿದ್ದಾಳೆ. ಅಕ್ಕ ಫೋನಿನಲ್ಲಿ ಆ ವಿಷಯ ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ.

ಒಂದು ಕೋರ್ಸನ್ನು ಅಳೆಯಲು ಅದರಿಂದ ಎಷ್ಟು ಜನ ಮುಂದಿನ ಬಾಗಿಲು ದಾಟಿದರು ಎಂದಷ್ಟೇ ಎಣಿಸುವುದು ಸಾಲದು. ದಾಟದೆ ಉಳಿದವರ ಕೈಯಲ್ಲಿ ಏನು ಉಳಿಯಿತು ಎಂದೂ ಕೇಳಬೇಕು. ಈ ಪ್ರಶ್ನೆಗೆ ಅಲ್ಲಿನ ಕೋರ್ಸುಗಳಲ್ಲಿ ಸಿದ್ಧ ಉತ್ತರವಿಲ್ಲ ಎಂಬುದು ನನ್ನ ಆಕ್ಷೇಪ. ಆದರೆ ನನ್ನ ಅಕ್ಕನ ಮಗಳ ಕೈಯಲ್ಲಿ ಏನು ಉಳಿಯಿತು ಎಂಬುದನ್ನು ನಾನು ಫೋನಿನಲ್ಲೇ ಕೇಳಿದೆ. ಅವಳು ಪದವಿಯಲ್ಲಿ ನೆಫ್ರಾನ್ ಓದಿದ್ದಳು, ಅದಕ್ಕೆ ಮುಂಚೆ ಹೈಸ್ಕೂಲಿನಲ್ಲಿ ಓದಿದ್ದಳು. ಮೂರನೇ ಸಲ ಓದಿದಾಗ ಅದು ಅವಳದಾಯಿತು. "ಹೆಸರು ಎಲ್ಲಾ ಮೊದಲೇ ಗೊತ್ತಿತ್ತು ಚಿಕ್ಕಮ್ಮ. ಇಲ್ಲಿ ಹೆಸರು ಕೇಳೋದೇ ಇಲ್ಲ. ಈ ರೋಗಿಗೆ ಇಷ್ಟು ಸೋಡಿಯಂ ಇದೆ, ಇಷ್ಟು ಬಿಪಿ ಇದೆ, ಮುಂದೇನಾಗುತ್ತೆ ಹೇಳು ಅಂತಾರೆ" ಎಂದಳು. ಸಕ್ಕರೆ ಕಾಯಿಲೆಯಲ್ಲಿ ಮೂತ್ರದಲ್ಲಿ ಸಕ್ಕರೆ ಏಕೆ ಬರುತ್ತದೆ ಎಂಬುದು ಇದಕ್ಕೆ ಸುಲಭದ ಉದಾಹರಣೆ. ರಕ್ತದ ಗ್ಲೂಕೋಸ್ ಸುಮಾರು 180 ಮಿಲಿಗ್ರಾಂ ದಾಟಿದರೆ ಅದನ್ನು ವಾಪಸ್ ತರುವ ವಾಹಕಗಳು ಸಾಲದೆ ಹೋಗುತ್ತವೆ, ಹೆಚ್ಚಾದದ್ದು ಹೊರಗೆ ಹರಿಯುತ್ತದೆ, ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ಅದಕ್ಕೇ ಬಾಯಾರಿಕೆ. ನಮ್ಮ ಪ್ರತಿ ತರಗತಿಯಲ್ಲೂ 'ಶುಗರ್' ಇರುವ ಅಜ್ಜಿಯನ್ನೋ ತಾತನನ್ನೋ ಮನೆಯಲ್ಲಿಟ್ಟುಕೊಂಡ ಮಕ್ಕಳು ಕುಳಿತಿರುತ್ತಾರೆ. ಆ ಅಜ್ಜಿ ರಾತ್ರಿ ನಾಲ್ಕು ಸಲ ಏಳುವುದು ಅವರಿಗೆ ಗೊತ್ತು. ನಾವು ಮಾತ್ರ ನೆಫ್ರಾನಿನ ಭಾಗಗಳನ್ನು ಗುರುತಿಸಲು ಹೇಳಿ ಮುಂದೆ ಹೋಗುತ್ತೇವೆ.

ನಮ್ಮ ಪ್ರಶಿಕ್ಷಣಾರ್ಥಿಗಳ ವಿಷಯಕ್ಕೆ ಬರೋಣ. ಜೀವಶಾಸ್ತ್ರ ವಿಧಾನ ತೆಗೆದುಕೊಂಡು ನಮ್ಮ ಕಾಲೇಜಿಗೆ ಬರುವವರಲ್ಲಿ ಎಷ್ಟು ಜನ ಒಂದು ಕಾಲದಲ್ಲಿ ಡಾಕ್ಟರ್ ಆಗಬೇಕೆಂದಿದ್ದವರು? ಪ್ರತಿ ವರ್ಷ ಪರಿಚಯದ ದಿನ ಕೇಳುತ್ತೇನೆ. ಮೊದಲು ಒಂದಿಬ್ಬರು ಕೈ ಎತ್ತುತ್ತಾರೆ, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ಅರ್ಧ ತರಗತಿ. ನೀಟ್‌ನಲ್ಲಿ 720ಕ್ಕೆ ಇಷ್ಟು ಬಂತು, ಸರ್ಕಾರಿ ಸೀಟಿಗೆ ಸಾಲಲಿಲ್ಲ, ಖಾಸಗಿ ಸೀಟಿಗೆ ಮನೆಯಲ್ಲಿ ದುಡ್ಡಿರಲಿಲ್ಲ, ಬಿಎಸ್ಸಿ ಮಾಡಿದೆ, ಬಿಎಡ್‌ಗೆ ಬಂದೆ. ಈ ಕಥೆ ಹೇಳುವಾಗ ಅವರು ತಲೆ ತಗ್ಗಿಸುತ್ತಾರೆ. ಬಿಎಸ್ಸಿ ಮುಗಿದ ಮೇಲೂ ನೀಟ್ ಬರೆಯಬಹುದು, ನಿಜ. ಆದರೆ ಆಗಲೂ ಕೇಳುವುದು ಪಿಯುಸಿಯ ಪಠ್ಯವನ್ನೇ. ನಡುವೆ ಓದಿದ ಮೂರು ವರ್ಷಕ್ಕೆ ಅಲ್ಲಿ ಲೆಕ್ಕವಿಲ್ಲ. ಅಮೆರಿಕದ ಆ ಒಂದು ವರ್ಷಕ್ಕೆ ಎಷ್ಟೇ ಕೊರತೆಗಳಿದ್ದರೂ, ಹದಿನೆಂಟರಲ್ಲಿ ಎಡವಿದವರು ಇಪ್ಪತ್ತಮೂರರಲ್ಲಿ ಕಲಿಯಬಲ್ಲರು ಎಂದು ಅದು ಒಪ್ಪಿಕೊಳ್ಳುತ್ತದೆ. ಈ ಒಪ್ಪಿಗೆ ನಮ್ಮಲ್ಲಿ ಇಲ್ಲ.

ಎಡವಿದವರಿಗೆ ನಾವು ಎರಡು ವರ್ಷದ ಬಿಎಡ್‌ನಲ್ಲಿ ಕೊಡುವುದೇನು? ತತ್ತ್ವಶಾಸ್ತ್ರ, ಮನೋವಿಜ್ಞಾನ, ಮೌಲ್ಯಮಾಪನ, ಸೂಕ್ಷ್ಮಬೋಧನೆ, ಇಪ್ಪತ್ತು ವಾರದ ಶಾಲಾ ಅನುಭವ. ಎಲ್ಲವೂ ಬೇಕು, ಯಾವುದನ್ನೂ ಬಿಡಿ ಎನ್ನುವುದಿಲ್ಲ. ಆದರೆ ವಿಷಯವನ್ನು ಅವರು ಬಿಎಸ್ಸಿಯಲ್ಲಿ ಕಲಿತು ಬಂದಿದ್ದಾರೆ ಎಂದು ಊಹಿಸಿಕೊಂಡಿದ್ದೇವೆ. ಅವರು ಕಲಿತದ್ದು ನನ್ನ ಹಾಗೆ: 180 ಗೊತ್ತು, 125 ಗುಣಿಸು 1440 ಗೊತ್ತಿಲ್ಲ. ಆ ಅಮೆರಿಕದ ಕೋರ್ಸಿನಿಂದ ನಾವು ತೆಗೆದುಕೊಳ್ಳಬೇಕಾದದ್ದು ಪರೀಕ್ಷೆಯ ಭಾರವನ್ನಲ್ಲ, ಪೈಪೋಟಿಯ ಸರಾಸರಿಯನ್ನಲ್ಲ. ಹಳೆಯ ಪಾಠವನ್ನೇ ದೊಡ್ಡವರಾದ ಮೇಲೆ ಮತ್ತೊಮ್ಮೆ, 'ಹೀಗೇ ಏಕೆ' ಎಂದು ಕೇಳುತ್ತ ಓದುವ ಅಭ್ಯಾಸ. ಅದಕ್ಕೆ ಡಾಲರ್ ಬೇಕಾಗಿಲ್ಲ. ವಾರಕ್ಕೆ ಎರಡು ಗಂಟೆ ಮತ್ತು ಗ್ರಂಥಾಲಯದಲ್ಲಿ ಒಂದು ಒಳ್ಳೆಯ ಶರೀರಕ್ರಿಯಾಶಾಸ್ತ್ರದ ಪುಸ್ತಕ ಸಾಕು.

ಸಹೋದ್ಯೋಗಿಗಳು ಇದಕ್ಕೆ ಹೇಳುವ ಮಾತು ನನಗೆ ಗೊತ್ತು. ಹತ್ತನೆಯ ತರಗತಿಗೆ ಇಷ್ಟು ಆಳ ಬೇಕೆ? ಮಕ್ಕಳಿಗೆ ಹೊರೆಯಾಗುವುದಿಲ್ಲವೆ? ಅಟ್ಟದ ಉದಾಹರಣೆ ಹೇಳಿ ನೋಡಿ, ಅದರಲ್ಲಿ ಹೊರೆ ಎಲ್ಲಿದೆ? ವಿಷಯ ಆಳವಾಗಿ ಗೊತ್ತಿದ್ದವಳಿಗೆ ಅದನ್ನು ಅಟ್ಟದ ಮಾತಿನಲ್ಲಿ ಹೇಳಲು ಬಂತು. ಮೇಲುಮೇಲೆ ಗೊತ್ತಿದ್ದ ನನಗೆ 'ಆಯ್ದ ಮರುಹೀರಿಕೆ' ಎಂಬ ಪಾರಿಭಾಷಿಕ ಪದವನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ನಮ್ಮ ವೀಕ್ಷಣಾ ನಮೂನೆಯನ್ನು ಒಮ್ಮೆ ತೆರೆದು ನೋಡಿ. ಪೀಠಿಕೆಗೆ ಅಂಕ, ಧ್ವನಿಗೆ ಅಂಕ, ಕಪ್ಪುಹಲಗೆ ಕೆಲಸಕ್ಕೆ ಅಂಕ, ಕಲಿಕೋಪಕರಣಕ್ಕೆ ಅಂಕ, ಕಾಲಪಾಲನೆಗೆ ಅಂಕ. ಹೇಳಿದ ವಿಷಯದ ಹಿಂದಿನ ಕಾರ್ಯಕಾರಣ ಸರಿಯಿತ್ತೇ ಎಂದು ಕೇಳುವ ಒಂದು ಸಾಲೂ ಇಲ್ಲ. 'ವಿಷಯ ಮಂಡನೆ' ಎಂಬ ಸಾಲಿದೆ, ಅಲ್ಲಿ ನಾವು ನೋಡುವುದು ಪುಸ್ತಕದಲ್ಲಿ ಇದ್ದದ್ದು ಬಿಟ್ಟುಹೋಯಿತೇ ಎಂದು ಮಾತ್ರ. ಪಾಠಯೋಜನೆಯಲ್ಲಿ ಒಂದು ಅಂಕಣ ಸೇರಿಸೋಣ ಎಂದು ವಿಧಾನ ಬೋಧಕರ ಸಭೆಯಲ್ಲಿ ಕೇಳಿದ್ದೇನೆ: 'ಈ ಪಾಠದಲ್ಲಿ ಮಗು ಏಕೆ ಎಂದು ಕೇಳಬಹುದಾದ ಒಂದು ಪ್ರಶ್ನೆ, ಮತ್ತು ನನ್ನ ಉತ್ತರ.' ಉತ್ತರ ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ, ಇಲ್ಲಿ ಹುಡುಕುತ್ತೇನೆ' ಎಂದು ಬರೆದರೂ ಪೂರ್ಣ ಅಂಕ. ವೀಕ್ಷಕರೂ ತಮ್ಮ ಉತ್ತರವನ್ನು ಅದರ ಕೆಳಗೆ ಬರೆಯಬೇಕು ಎಂದು ನಾನು ಸೇರಿಸಿದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತೀರ್ಮಾನ ಮುಂದಿನ ಸಭೆಗೆ ಹೋಗಿದೆ.

ಆ ಪ್ರಶಿಕ್ಷಣಾರ್ಥಿಯನ್ನು ಕರೆದು ಉತ್ತರ ಹೇಳಿದೆ, ಅದು ನನಗೆ ಅಂದು ಗೊತ್ತಿರಲಿಲ್ಲ ಎಂಬುದನ್ನೂ ಹೇಳಿದೆ. ಅವರು ಏನೂ ಅನ್ನಲಿಲ್ಲ, ಬರೆದುಕೊಂಡರು. ಎರಡು ಅಂಕ ತಿದ್ದಿ ಸಹಿ ಹಾಕಿದೆ. ಮರುವಾರ ಅದೇ ತರಗತಿಯಲ್ಲಿ ಅಟ್ಟದ ಕಥೆ ಹೇಳಿ, ಪಠ್ಯದಲ್ಲಿ ಚೌಕಟ್ಟಿನೊಳಗಿರುವ ಕೃತಕ ಮೂತ್ರಪಿಂಡದ ಭಾಗಕ್ಕೆ ಬಂದರು. ಅಲ್ಲಿ ಮರುಹೀರಿಕೆ ಇಲ್ಲ ಎಂಬ ಮಾತು ಪುಸ್ತಕದಲ್ಲೇ ಇದೆ. ಅದೇ ಹುಡುಗ ಮತ್ತೆ ಎದ್ದ. "ಮಿಸ್, ವಾಪಸ್ ತಗೊಳ್ಳೋದೇ ಇಲ್ಲ ಅಂದ್ರೆ ಡಯಾಲಿಸಿಸ್‌ನಲ್ಲಿ ಬೇಕಾದ್ದೆಲ್ಲಾ ಹೋಗಿಬಿಡಲ್ವಾ?"

ಈ ಸಲ ಅವರು ನನ್ನ ಕಡೆ ನೋಡಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನಡುವೆ ಒಂದು ಪೊರೆ ಎಳೆದು, ಎರಡೂ ಕಡೆ ಉಪ್ಪಿನ ಚುಕ್ಕೆಗಳನ್ನು ಸಮಸಮವಾಗಿ ಹಾಕತೊಡಗಿದರು. ಯೂರಿಯಾದ ಚುಕ್ಕೆ ಮಾತ್ರ ಒಂದೇ ಕಡೆ. "ಈಗ ನೀನೇ ಹೇಳು, ಯಾವುದು ಆ ಕಡೆ ಹೋಗುತ್ತೆ?"